ತಿಂಗಳಿಗೆ ಎಷ್ಟಾದರೆ ಒಪ್ಪಿಗೆ?

ಅಮೆರಿಕದ ಕಾರು ಶೋರೂಮಿನಲ್ಲಿ ಕುಳಿತ ಸ್ವಲ್ಪ ಹೊತ್ತಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ತಿಂಗಳಿಗೆ ಎಷ್ಟಾದರೆ ನಿಮಗೆ ಅನುಕೂಲ?" ಕೇಳುವ ಧಾಟಿಯಲ್ಲಿ ಕಾಳಜಿ ಇರುತ್ತದೆ. ನಮ್ಮ ಹುಡುಗರು ಕೂಡಲೇ ಒಂದು ಅಂಕಿ ಹೇಳಿಬಿಡುತ್ತಾರೆ. ಆರುನೂರು, ಇಲ್ಲವೇ ಆರುನೂರೈವತ್ತು ಡಾಲರ್. ಅದು ಬಾಯಿಂದ ಬಿದ್ದ ಮೇಲೆ ಉಳಿದ ಮಾತೆಲ್ಲ ಅದರ ಸುತ್ತಲೇ ತಿರುಗುತ್ತದೆ. ಕಾರಿನ ಬೆಲೆ ಎಷ್ಟು, ಬಡ್ಡಿ ಎಷ್ಟು, ಮೂರು ವರ್ಷದ ಮೇಲೆ ಅದಕ್ಕೆ ಉಳಿಯುವ ಬೆಲೆ ಎಷ್ಟು ಎಂಬ ಮಾತು ಏಳುವುದೇ ಇಲ್ಲ. ಏಳದಿರಲೆಂದೇ ಆ ಪ್ರಶ್ನೆ ಮೊದಲು ಬರುವುದು.

ಗಾಂಧಿ ಬಜಾರಿನಲ್ಲಿ ಸೇವಂತಿಗೆಯ ಮಾರಿಗೆ ಹತ್ತು ರೂಪಾಯಿ ಇಳಿಸುವ ತನಕ ಬುಟ್ಟಿಯ ಮುಂದಿನಿಂದ ಕದಲದ ಅಮ್ಮಂದಿರ ಮಕ್ಕಳು ಇವರು. ಆ ಅಮ್ಮಂದಿರು ಹೂವಿನ ಬೆಲೆಯನ್ನೇ ಕೇಳುತ್ತಿದ್ದರು. ತಮ್ಮ ಪರ್ಸಿನಲ್ಲಿ ಎಷ್ಟಿದೆ ಎಂದು ಹೂವಾಡಗಿತ್ತಿಗೆ ಎಂದೂ ಹೇಳುತ್ತಿರಲಿಲ್ಲ. ಐವತ್ತು ಸಾವಿರ ಡಾಲರಿನ ಗಾಡಿಯ ಮುಂದೆ ಅವರ ಮಕ್ಕಳು ಮೊದಲು ಪರ್ಸು ಬಿಚ್ಚಿ ತೋರಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಸನ್ನಿವೇಲ್, ಫ್ರೀಮಾಂಟ್, ನ್ಯೂಜೆರ್ಸಿಯ ಎಡಿಸನ್ ಕಡೆಯ ಕನ್ನಡದ ಮನೆಗಳಲ್ಲಿ ಈ ಮಾತು ಏಳುವ ಗಳಿಗೆ ಹೆಚ್ಚುಕಡಿಮೆ ಒಂದೇ. ಎರಡನೇ ಮಗು ಹುಟ್ಟಿದೆ. ಮಕ್ಕಳ ಎರಡು ಸೀಟು ಹಿಂದೆ ಕಟ್ಟಿದರೆ ನಡುವೆ ಒಬ್ಬರು ಕೂರುವುದಕ್ಕೂ ಜಾಗವಿಲ್ಲ. ಊರಿನಿಂದ ಅಪ್ಪ ಅಮ್ಮ ಆರು ತಿಂಗಳಿಗೆಂದು ಬರುತ್ತಾರೆ. ಲಿವರ್‌ಮೋರಿನ ಶಿವ-ವಿಷ್ಣು ದೇವಸ್ಥಾನಕ್ಕೆ ಹೊರಟರೆ ಎರಡು ಕಾರು ತೆಗೆಯಬೇಕು. ಆಗ ಮೂರು ಸಾಲಿನ ಎಸ್‌ಯುವಿ ಬೇಕೆನಿಸುತ್ತದೆ. ಪೂರ್ತಿ ವಿದ್ಯುತ್ ಗಾಡಿ ತಗೊಂಡರೆ ದೂರದ ಪ್ರಯಾಣದಲ್ಲಿ ಚಾರ್ಜಿಗೆ ಕಾಯಬೇಕಲ್ಲ ಎಂಬ ಅಳುಕು. ಬರೀ ಪೆಟ್ರೋಲಿನದು ತಗೊಳ್ಳಲು ಮನಸ್ಸಿಲ್ಲ. ನಡುವೆ ಸಿಗುವುದು ಪ್ಲಗ್-ಇನ್ ಹೈಬ್ರಿಡ್. ಮನೆಯಲ್ಲಿ ಚಾರ್ಜು ಮಾಡಿದರೆ ಒಂದಷ್ಟು ಮೈಲಿ ಬ್ಯಾಟರಿಯಲ್ಲೇ ಓಡುತ್ತದೆ, ಅದು ತೀರಿದ ಮೇಲೆ ಪೆಟ್ರೋಲ್ ಎಂಜಿನ್. 2024ರ ಮಾದರಿಗಳಲ್ಲಿ ಮಿತ್ಸುಬಿಶಿ ಔಟ್‌ಲ್ಯಾಂಡರ್ ಬ್ಯಾಟರಿಯಲ್ಲಿ 38 ಮೈಲಿ, ಕಿಯಾ ಸೊರೆಂಟೊ 32, ಮಜ್ದಾ ಸಿಎಕ್ಸ್-90 ಗಾಡಿ 26 ಮೈಲಿ ಓಡುತ್ತವೆ ಎಂದು ಅಲ್ಲಿನ ಸರ್ಕಾರಿ ಪರೀಕ್ಷೆ ಹೇಳುತ್ತದೆ.

ಕೊಳ್ಳುವ ಬದಲು ಲೀಸಿಗೆ, ಅಂದರೆ ಕೆಲವು ವರ್ಷದ ಬಾಡಿಗೆ ಕರಾರಿಗೆ, ಹೋಗುವ ರೂಢಿ ಈ ಗಾಡಿಗಳಲ್ಲಿ ಬೆಳೆದದ್ದಕ್ಕೆ ಒಂದು ಕಾಯಿದೆ ಕಾರಣ. 2022ರ ಆಗಸ್ಟಿನಲ್ಲಿ ಆಗಿನ ಅಧ್ಯಕ್ಷ ಬೈಡನ್ ಸಹಿ ಹಾಕಿದ ಹಣದುಬ್ಬರ ತಗ್ಗಿಸುವ ಕಾಯಿದೆ, ಪ್ಲಗ್ ಇರುವ ಕಾರು ಕೊಂಡವರಿಗೆ 7,500 ಡಾಲರಿನವರೆಗೆ ತೆರಿಗೆ ರಿಯಾಯಿತಿ ಕೊಟ್ಟಿತು. ಆದರೆ ಗಾಡಿಯ ಕೊನೆಯ ಜೋಡಣೆ ಉತ್ತರ ಅಮೆರಿಕದಲ್ಲೇ ಆಗಿರಬೇಕು, ಗಂಡ ಹೆಂಡಿರ ಒಟ್ಟು ಆದಾಯ 3 ಲಕ್ಷ ಡಾಲರ್ ಮೀರಿರಬಾರದು ಎಂಬ ಷರತ್ತುಗಳಿದ್ದವು. ಔಟ್‌ಲ್ಯಾಂಡರ್, ಸಿಎಕ್ಸ್-90 ಎರಡೂ ಜಪಾನಿನಿಂದ ಬರುವ ಗಾಡಿಗಳು. ಅವನ್ನು ಕೊಂಡರೆ ಒಂದು ಕಾಸೂ ಸಿಗುತ್ತಿರಲಿಲ್ಲ. ಲೀಸಾದರೆ ಗಾಡಿಯ ಒಡೆತನ ಹಣಕಾಸು ಕಂಪನಿಯದು, ಅದು ವ್ಯಾಪಾರಿ ವಾಹನದ ಲೆಕ್ಕಕ್ಕೆ ಸೇರುತ್ತಿತ್ತು, ಅಲ್ಲಿ ಈ ಎರಡು ಷರತ್ತೂ ಇರಲಿಲ್ಲ. 2023ರ ಜನವರಿಯಿಂದ ಕಂಪನಿಗಳು ಆ ದುಡ್ಡು ಪಡೆದು ಗಿರಾಕಿಯ ಕಂತಿನಲ್ಲಿ ಇಳಿಸತೊಡಗಿದವು. ಕೆಲವು ಪೂರ್ತಿ ಇಳಿಸಿದವು, ಕೆಲವು ಅರ್ಧಂಬರ್ಧ. ಪೂರ್ತಿ ಇಳಿಸಲೇಬೇಕೆಂದು ಕಾನೂನು ಹೇಳಿರಲಿಲ್ಲ. ಕೇಳಿದವರಿಗೆ ಸಿಕ್ಕಿತು, ಕೇಳದವರ ಪಾಲಿನದು ಎಲ್ಲಿ ಕರಗಿತೋ ಅವರಿಗೆ ತಿಳಿಯಲೇ ಇಲ್ಲ. 2025ರ ಜುಲೈಯಲ್ಲಿ ಬಂದ ಹೊಸ ಕಾಯಿದೆ ಅದೇ ಸೆಪ್ಟೆಂಬರ್ 30ಕ್ಕೆ ಈ ರಿಯಾಯಿತಿಗಳನ್ನು ನಿಲ್ಲಿಸಿತು. ಕ್ಯಾಲಿಫೋರ್ನಿಯಾದಲ್ಲಿ ಒಬ್ಬರೇ ಇದ್ದರೂ ಕಾರ್‌ಪೂಲ್ ಲೇನಿನಲ್ಲಿ ಹೋಗಲು ಬಿಡುತ್ತಿದ್ದ ಸ್ಟಿಕ್ಕರು ಕೂಡ ಅದೇ ದಿನ ಮುಗಿಯಿತು. ಹಾಗಾಗಿ ಈಗ ಲೀಸಿಗೆ ಹೋಗುವವರಿಗೆ ಕೇಂದ್ರ ಸರ್ಕಾರದ ಆ ಆಸರೆ ಇಲ್ಲ. ಚೌಕಾಸಿ ಮಾಡಿ ಉಳಿಸಿಕೊಂಡದ್ದೇ ಉಳಿತಾಯ.

ಲೀಸಿನ ಲೆಕ್ಕ ನೋಡೋಣ. ಲೀಸಿಗೆ ತೆಗೆದುಕೊಂಡವನು ಪೂರ್ತಿ ಕಾರಿಗೆ ದುಡ್ಡು ಕೊಡುವುದಿಲ್ಲ. ಮೂರು ವರ್ಷದಲ್ಲಿ ಅದರ ಬೆಲೆ ಎಷ್ಟು ಇಳಿಯುತ್ತದೋ ಅಷ್ಟನ್ನು ಕೊಡುತ್ತಾನೆ, ಜೊತೆಗೆ ಕಂಪನಿಯ ಹಣ ಕಾರಿನಲ್ಲಿ ಸಿಕ್ಕಿಕೊಂಡಿರುವುದಕ್ಕೆ ಬಡ್ಡಿ. ಸ್ಟಿಕ್ಕರ್ ಬೆಲೆ, ಅಂದರೆ ಗಾಡಿಯ ಮೇಲೆ ಅಂಟಿಸಿದ ಬೆಲೆ, 50,000 ಡಾಲರ್, ಮೂರು ವರ್ಷದ ಮೇಲೆ ಉಳಿಯುವ ಬೆಲೆ ಅದರ ಶೇ 55, ಅಂದರೆ 27,500 ಎಂದು ಇಟ್ಟುಕೊಳ್ಳಿ. ಒಂದು ಡಾಲರೂ ಇಳಿಸದೆ ಸ್ಟಿಕ್ಕರ್ ಬೆಲೆಗೇ ಒಪ್ಪಿದರೆ ಸವಕಳಿ 22,500. ಅದನ್ನು 36 ತಿಂಗಳಿಗೆ ಹಂಚಿದರೆ 625. ಇನ್ನು ಬಡ್ಡಿ. ಅದನ್ನು ಲೀಸಿನಲ್ಲಿ ಶೇಕಡಾದಲ್ಲಿ ಹೇಳುವುದಿಲ್ಲ. ಮನಿ ಫ್ಯಾಕ್ಟರ್ ಎಂಬ ಪುಟ್ಟ ದಶಮಾಂಶದಲ್ಲಿ ಹೇಳುತ್ತಾರೆ. 0.0020 ಎಂದರೆ ಏನೂ ಅಲ್ಲವೆಂಬಂತೆ ಕಾಣುತ್ತದೆ. ಅದನ್ನು 2,400ರಿಂದ ಗುಣಿಸಿ, ವರ್ಷಕ್ಕೆ ಶೇ 4.8 ಬಡ್ಡಿ ಎಂದು ತಿಳಿಯುತ್ತದೆ. ಕಾರಿನ ಬೆಲೆ, ಉಳಿಯುವ ಬೆಲೆ ಎರಡನ್ನೂ ಕೂಡಿಸಿ ಆ ದಶಮಾಂಶದಿಂದ ಗುಣಿಸಿದರೆ ತಿಂಗಳ ಬಡ್ಡಿ 155. ಒಟ್ಟು ಕಂತು 780, ತೆರಿಗೆ ಬೇರೆ.

ಈಗ ಕಾರಿನ ಬೆಲೆಯನ್ನು 47,000ಕ್ಕೆ ಇಳಿಸಿದಿರಿ ಎನ್ನಿ. ಕಂತು 691ಕ್ಕೆ ಬರುತ್ತದೆ. ಮೂರು ಸಾವಿರ ಇಳಿಸಿದ್ದಕ್ಕೆ ತಿಂಗಳಿಗೆ 89 ಡಾಲರ್ ಉಳಿಯಿತು.

ಹೋದ ವರ್ಷ ನನ್ನ ಅಕ್ಕನ ಮಗ ಫೋನು ಮಾಡಿ, "ಮಾಮ, ಆರುನೂರ ಮೂವತ್ತೊಂದಕ್ಕೆ ಒಪ್ಕೊಂಡಿದಾರೆ, ಮಾಡ್ಕೊಂಡ್ ಬಿಡ್ಲಾ?" ಎಂದ. "ಮೊದಲು ಎಷ್ಟು ಕಟ್ಟಬೇಕಂತಪ್ಪ?" ಎಂದೆ. "ಐದು ಸಾವಿರ ಡೌನು." "ಕಾರಿಗೆ ಎಷ್ಟು ಹಾಕಿದಾರೆ?" ಸ್ವಲ್ಪ ಹೊತ್ತು ಸದ್ದಿಲ್ಲ. "ಅದು ಕೇಳ್ಲಿಲ್ಲ ಮಾಮ." ಕೇಳಿಸಿದೆ. ಸ್ಟಿಕ್ಕರ್ ಬೆಲೆಯೇ ಇತ್ತು, ಐವತ್ತು ಸಾವಿರ. ಮೇಲಿನ ಲೆಕ್ಕಕ್ಕೇ ಐದು ಸಾವಿರ ಮುಂಗಡ ಸೇರಿಸಿ ನೋಡಿದರೆ ಸರಿಯಾಗಿ 631 ಬರುತ್ತದೆ. 691ಕ್ಕಿಂತ 631 ಕಡಿಮೆ, ಅದು ಕಣ್ಣಿಗೆ ಕಾಣುವ ಸತ್ಯ. ಆದರೆ 631ರಂತೆ 36 ತಿಂಗಳು ಕಟ್ಟಿ, ಮೊದಲೇ ಕೊಟ್ಟ ಐದು ಸಾವಿರವನ್ನೂ ಕೂಡಿಸಿದರೆ 27,700 ದಾಟುತ್ತದೆ. ಮುಂಗಡವಿಲ್ಲದ 691ರ ಕಂತಿನ ಮೊತ್ತ 24,900 ಕೂಡ ಮುಟ್ಟುವುದಿಲ್ಲ. ಕಡಿಮೆ ಕಂತಿನ ಕಾರು ಸುಮಾರು 2,850 ಡಾಲರ್ ದುಬಾರಿ. ಲೀಸಿಗೆ ಮುಂಗಡ ಕಟ್ಟಲೇಬಾರದು ಎನ್ನುವುದಕ್ಕೆ ಇನ್ನೂ ಗಟ್ಟಿ ಕಾರಣವೊಂದಿದೆ. ಗಾಡಿ ಮೂರನೇ ತಿಂಗಳಲ್ಲೇ ಅಪಘಾತದಲ್ಲಿ ಪೂರ್ತಿ ಹಾಳಾದರೆ ವಿಮೆಯ ಹಣ ಹೋಗುವುದು ಗಾಡಿಯ ಒಡೆಯನಾದ ಕಂಪನಿಗೆ. ನೀವು ಕಟ್ಟಿದ ಐದು ಸಾವಿರ ಸಾಮಾನ್ಯವಾಗಿ ಅಲ್ಲಿಗೆ ಮುಗಿದಂತೆ.

ಉಳಿಯುವ ಬೆಲೆಯನ್ನು ಹಣಕಾಸು ಕಂಪನಿ ನಿಗದಿ ಮಾಡುತ್ತದೆ, ಅದರ ಮೇಲೆ ಚೌಕಾಸಿ ನಡೆಯುವುದಿಲ್ಲ. ಕಾರಿನ ಮಾರಾಟ ಬೆಲೆಯ ಮೇಲೆ ನಡೆಯುತ್ತದೆ. ಮನಿ ಫ್ಯಾಕ್ಟರ್ ಮೇಲೂ ನಡೆಯುತ್ತದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಕಂಪನಿ ಒಂದು ಮೂಲ ದರ ಕೊಟ್ಟಿರುತ್ತದೆ, ಡೀಲರ್ ಅದರ ಮೇಲೆ ಏರಿಸಬಹುದು. 0.0020 ಇದ್ದದ್ದು 0.0025 ಆದರೆ 47,000ದ ಕಾರಿಗೆ ತಿಂಗಳಿಗೆ 37 ಡಾಲರ್ ಹೆಚ್ಚು, ಮೂರು ವರ್ಷಕ್ಕೆ 1,341. ಒಂದು ಪುಟ್ಟ ದಶಮಾಂಶ ಬದಲಾದದ್ದಕ್ಕೆ ಅಷ್ಟು ದುಡ್ಡು ಕೈಬದಲಾಗುತ್ತದೆ.

ಅಮೆರಿಕದಲ್ಲಿ ಲೀಸು ಗಿರಾಕಿಗಳ ರಕ್ಷಣೆಗೆಂದೇ 1976ರಲ್ಲಿ ಒಂದು ಕಾಯಿದೆ ಬಂತು. ಅದರ ಪ್ರಕಾರ ಒಪ್ಪಿಕೊಂಡ ಬೆಲೆ, ಉಳಿಯುವ ಬೆಲೆ, ಮೂರು ವರ್ಷದ ಒಟ್ಟು ಬಡ್ಡಿ ಮೊತ್ತ ಎಲ್ಲವನ್ನೂ ಕಾಗದದಲ್ಲಿ ಬರೆದು ತೋರಿಸಲೇಬೇಕು. ಬಡ್ಡಿಯ ದರವನ್ನು ಮಾತ್ರ ತೋರಿಸಬೇಕಾಗಿಲ್ಲ! ಸಾಲ ತೆಗೆದು ಕೊಂಡರೆ ವಾರ್ಷಿಕ ದರ ದೊಡ್ಡ ಅಕ್ಷರದಲ್ಲಿ ಕಾಣಬೇಕು. ಅದೇ ಗಾಡಿ ಲೀಸಾದರೆ ಬೇಡ. ಇದು ನ್ಯಾಯವೆಂದು ನನಗೆ ಯಾವತ್ತೂ ಅನ್ನಿಸಿಲ್ಲ. ದರ ಗೊತ್ತಿಲ್ಲದೆ ಎರಡು ಅಂಗಡಿಯ ಲೀಸನ್ನು ಹೋಲಿಸುವುದು ಹೇಗೆ? ಆದ್ದರಿಂದ ಬಾಯಿಬಿಟ್ಟು ಕೇಳಬೇಕು: "ಮನಿ ಫ್ಯಾಕ್ಟರ್ ಎಷ್ಟು, ಅದು ಕಂಪನಿಯ ಮೂಲ ದರವೇ?" ಹೇಳಲು ಒಪ್ಪದ ಡೀಲರ್ ಹತ್ತಿರ ಮುಂದೆ ಕೂರುವ ಅಗತ್ಯವಿಲ್ಲ. ಅದೇ ಗಾಡಿ ಇಪ್ಪತ್ತು ಮೈಲಿ ಆಚೆ ಇನ್ನೊಬ್ಬನ ಹತ್ತಿರ ಇರುತ್ತದೆ. ಮನೆಯಲ್ಲಿ ಕೂತು ನಾಲ್ಕಾರು ಡೀಲರುಗಳಿಗೆ ಮೇಲ್ ಬರೆದು, ಬೆಲೆ, ದರ, ಶುಲ್ಕ ಬಿಡಿಬಿಡಿಯಾಗಿ ಕಳಿಸಿ ಎಂದು ಕೇಳಿ. ಕೆಲವರು ಉತ್ತರಿಸುವುದಿಲ್ಲ, ಕೆಲವರು "ಬನ್ನಿ, ಮಾತಾಡೋಣ" ಎನ್ನುತ್ತಾರೆ, ಒಬ್ಬಿಬ್ಬರು ಪೂರ್ತಿ ಲೆಕ್ಕ ಕಳಿಸುತ್ತಾರೆ. ಆ ಒಬ್ಬಿಬ್ಬರ ಹತ್ತಿರ ಹೋಗಿ.

ಮೈಲಿಯ ಮಾತು ಚಿಕ್ಕದು, ಆದರೆ ಮರೆತರೆ ಕೊನೆಗೆ ಕುತ್ತಿಗೆಗೆ ಬರುತ್ತದೆ. ಜಾಹೀರಾತಿನ ಲೀಸು ಸಾಮಾನ್ಯವಾಗಿ ವರ್ಷಕ್ಕೆ 10,000 ಮೈಲಿಯದು. ಸ್ಯಾನ್ ಹೊಸೆಯಿಂದ ಲಾಸ್ ಏಂಜಲಿಸ್ ಒಂದು ದಿಕ್ಕಿಗೇ ಸುಮಾರು 340 ಮೈಲಿ. ಅಪ್ಪ ಅಮ್ಮ ಬಂದ ವರ್ಷ ಗ್ರ್ಯಾಂಡ್ ಕ್ಯಾನಿಯನ್, ಯೊಸೆಮಿಟಿ ತೋರಿಸದೆ ಕಳಿಸುವುದುಂಟೇ? ಮಿತಿ ಮೀರಿ ನಾಲ್ಕು ಸಾವಿರ ಮೈಲಿ ಓಡಿದರೆ, ಮೈಲಿಗೆ 25 ಸೆಂಟ್‌ನಂತೆ ಒಂದು ಸಾವಿರ ಡಾಲರ್ ಬಿಲ್ಲು. 12,000 ಮೈಲಿಯದು ಬೇಕೆಂದು ಮೊದಲೇ ಕೇಳಿಕೊಂಡರೆ ಅಗ್ಗ.

ಇನ್ನು ಪ್ಲಗ್ಗಿನ ವಿಷಯ. ನಮ್ಮಲ್ಲಿ 230 ವೋಲ್ಟು, ಅಲ್ಲಿ ಮನೆಯ ಸಾಧಾರಣ ಸಾಕೆಟ್ಟು 120 ವೋಲ್ಟು. ಅದರಿಂದ 17.8 ಕಿಲೋವ್ಯಾಟ್ ಅವರ್ ಬ್ಯಾಟರಿ ತುಂಬಲು ಹನ್ನೆರಡು ಗಂಟೆಗೂ ಮೇಲೆ ಬೇಕು. ಸಂಜೆ ಚುಚ್ಚಿದರೆ ಬೆಳಿಗ್ಗೆ ತಯಾರು. ಸ್ವಂತ ಗರಾಜು ಇದ್ದವರಿಗೆ ಇದು ತೊಂದರೆಯಲ್ಲ. ಬಾಡಿಗೆ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿದ್ದು, ಕಾರು ಕೆಳಗೆ ಬಯಲಿನಲ್ಲಿ ನಿಂತಿದ್ದರೆ, ದಿನವೂ ಚಾರ್ಜು ಹಾಕುವವರು ಯಾರು? ಸ್ವಚ್ಛ ಸಾರಿಗೆಯನ್ನು ಅಧ್ಯಯನ ಮಾಡುವ ಐಸಿಸಿಟಿ ಸಂಸ್ಥೆ 2022ರ ಕೊನೆಯಲ್ಲಿ ಅಮೆರಿಕದ ಪ್ಲಗ್-ಇನ್ ಹೈಬ್ರಿಡ್‌ಗಳ ನಿಜ ಬಳಕೆಯನ್ನು ಅಳೆದು ನೋಡಿತು. ಸರ್ಕಾರಿ ಲೇಬಲ್ಲು ಊಹಿಸಿದ್ದಕ್ಕಿಂತ ವಿದ್ಯುತ್ತಿನಲ್ಲಿ ಓಡುವ ಪಾಲು ಶೇ 26ರಿಂದ 56ರಷ್ಟು ಕಡಿಮೆ ಇರಬಹುದು, ಪೆಟ್ರೋಲ್ ಖರ್ಚು ಶೇ 42ರಿಂದ 67ರಷ್ಟು ಹೆಚ್ಚಿರಬಹುದು ಎಂದು ಅದು ಹೇಳಿತು. ಚಾರ್ಜು ಮಾಡದ ಪ್ಲಗ್-ಇನ್, ಭಾರದ ಬ್ಯಾಟರಿ ಹೊತ್ತ ಪೆಟ್ರೋಲ್ ಗಾಡಿಯಷ್ಟೆ.

ಚಾರ್ಜು ಮಾಡಿದರೂ ಎಲ್ಲ ಕಡೆ ಒಂದೇ ಲಾಭವಿಲ್ಲ. ಸಿಎಕ್ಸ್-90 ನೂರು ಮೈಲಿಗೆ ಸುಮಾರು 60 ಯೂನಿಟ್ ವಿದ್ಯುತ್ ತಿನ್ನುತ್ತದೆ. ಪೆಟ್ರೋಲಿನಲ್ಲಾದರೆ ಗ್ಯಾಲನ್ನಿಗೆ 25 ಮೈಲಿ ಕೊಡುತ್ತದೆ. ಯೂನಿಟ್ಟಿಗೆ 30 ಸೆಂಟ್ ಇದ್ದರೆ ನೂರು ಮೈಲಿಗೆ 18 ಡಾಲರ್. ಗ್ಯಾಲನ್ ಪೆಟ್ರೋಲು ನಾಲ್ಕೂವರೆ ಡಾಲರ್ ಆದರೆ ಅದೂ 18 ಡಾಲರೇ. ವಿದ್ಯುತ್ ದುಬಾರಿಯಾದ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಈ ಸಮ ಸಮದ ಸ್ಥಿತಿ ದೂರದ ಮಾತಲ್ಲ. ಯೂನಿಟ್ಟು 13 ಸೆಂಟಿಗೆ ಸಿಗುವ ಊರಿನಲ್ಲಿ ಅದೇ ನೂರು ಮೈಲಿ ಎಂಟು ಡಾಲರಿನೊಳಗೆ ಮುಗಿಯುತ್ತದೆ. ಪಕ್ಕದ ಮನೆಯವರು ತಗೊಂಡರೆಂದು ತಗೊಳ್ಳುವ ಮೊದಲು ನಿಮ್ಮ ಕರೆಂಟು ಬಿಲ್ಲು ತೆಗೆದು ನೋಡಿ. ಹೊಗೆ ಕಡಿಮೆಯಾಗಲಿ, ಮಕ್ಕಳು ಶಾಲೆಯ ಮುಂದೆ ಒಳ್ಳೆಯ ಗಾಳಿ ಕುಡಿಯಲಿ ಎಂದು ಈ ಗಾಡಿ ತೆಗೆದುಕೊಳ್ಳುವವರೂ ಇದ್ದಾರೆ. ಅವರ ಬಗ್ಗೆ ನನಗೆ ಗೌರವವಿದೆ. ಅವರು ದಿನವೂ ತಪ್ಪದೆ ಚಾರ್ಜು ಹಾಕುವವರೂ ಆಗಿರುತ್ತಾರೆ.

ಮೂರನೇ ಸಾಲಿನಲ್ಲಿ ಒಮ್ಮೆ ದೊಡ್ಡವರನ್ನು ಕೂರಿಸಿ ನೋಡದೆ ಸಹಿ ಹಾಕಬಾರದು. ಮಂಡಿ ನೋವಿನ ಅಜ್ಜಿ ನಡುವಿನ ಸೀಟು ಮಡಚಿದ ಸಂದಿಯಲ್ಲಿ ಹತ್ತಿ ಹಿಂದೆ ಹೋಗುವುದು ಸಾಮಾನ್ಯ ಕೆಲಸವಲ್ಲ. ಕೆಲವು ಗಾಡಿಗಳಲ್ಲಿ ಆ ಸಾಲು ಹತ್ತು ವರ್ಷದ ಮಕ್ಕಳಿಗಷ್ಟೇ ಸರಿ. ಯಾರಿಗೋಸ್ಕರ ದೊಡ್ಡ ಗಾಡಿ ತಗೊಂಡಿರೋ ಅವರೇ ಕೂರಲಾಗದಿದ್ದರೆ ಬೇರೆ ಲೆಕ್ಕವೆಲ್ಲ ಯಾಕೆ?

ನನ್ನನ್ನು ಹೆಚ್ಚು ಕಾಡುವುದು ವೀಸಾದ ಮಾತು. ಎಚ್-1ಬಿ ಮೇಲಿರುವವರು ಲೀಸನ್ನು ಆರಿಸುವುದೇ "ಮೂರು ವರ್ಷದ ಮೇಲೆ ಎಲ್ಲಿರುತ್ತೇವೋ" ಎಂಬ ಅನುಮಾನದಿಂದ. ಬಿಟ್ಟು ಹೋಗುವುದು ಸುಲಭ ಎಂದುಕೊಳ್ಳುತ್ತಾರೆ. ಆದರೆ ಲೀಸನ್ನು ನಡುವೆ ಬಿಡುವುದು ಕೊಂಡ ಕಾರನ್ನು ಮಾರುವುದಕ್ಕಿಂತ ಕಷ್ಟವಾಗಬಹುದು. ಕೆಲಸ ಹೋದರೆ ವೀಸಾದವರಿಗೆ ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಹೊಸ ಕೆಲಸ ಸಿಗಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಕರಾರಿಗೆ ಆ 60 ದಿನ ಗೊತ್ತಿಲ್ಲ. ಉಳಿದ ಕಂತು, ಮುಂಚಿತವಾಗಿ ಮುರಿದ ದಂಡ ಎಲ್ಲ ಬಾಕಿ ನಿಲ್ಲುತ್ತವೆ. ಕೆಲವು ಕಂಪನಿಗಳು ಲೀಸನ್ನು ಇನ್ನೊಬ್ಬರ ಹೆಸರಿಗೆ ಬದಲಾಯಿಸಲು ಬಿಡುತ್ತವೆ, ಕೆಲವು ಬಿಡುವುದಿಲ್ಲ. "ನಡುವೆ ಬಿಟ್ಟರೆ ಏನು ಕಟ್ಟಬೇಕು, ಬೇರೆಯವರ ಹೆಸರಿಗೆ ಮಾಡಬಹುದೇ?" ಎಂಬುದನ್ನು ಬಣ್ಣ ಆರಿಸುವ ಮೊದಲು ಕೇಳಬೇಕು. ವೀಸಾದಲ್ಲಿರುವ ಮನೆಗೆ ತಿಂಗಳಿಗೆ ಇಪ್ಪತ್ತು ಡಾಲರ್ ಹೆಚ್ಚಾದರೂ ಹೆಸರು ಬದಲಿಸಲು ಬಿಡುವ ಲೀಸೇ ಮೇಲು ಎಂದು ನಾನು ಹೇಳುತ್ತೇನೆ.

ಬೆಲೆಯ ಮಾತು ಮುಗಿದ ಮೇಲೆ ಇನ್ನೊಂದು ಕೋಣೆಗೆ ಕರೆದೊಯ್ಯುತ್ತಾರೆ. ಅಲ್ಲಿ ಬಣ್ಣದ ರಕ್ಷಣೆ, ಟೈರಿನ ವಿಮೆ, ಸರ್ವಿಸ್ ಪ್ಯಾಕೇಜು ಒಂದೊಂದಾಗಿ ಹೊರಬರುತ್ತವೆ, ಪ್ರತಿಯೊಂದೂ "ತಿಂಗಳಿಗೆ ಬರೀ ಹನ್ನೆರಡು ಡಾಲರ್". ಮೂರು ವರ್ಷ ಇಟ್ಟುಕೊಂಡು ಹಿಂದಿರುಗಿಸುವ ಗಾಡಿಗೆ ಇವುಗಳಲ್ಲಿ ಹೆಚ್ಚಿನವು ಬೇಕಿಲ್ಲ. ಮಕ್ಕಳು ಹಸಿದಿರುತ್ತಾರೆ, ಹೊತ್ತು ಮುಳುಗಿರುತ್ತದೆ, ಹೂಂ ಎಂದು ಮುಗಿಸಿಬಿಡೋಣ ಅನ್ನಿಸುತ್ತದೆ. ಕಾಗದ ತಗೊಂಡು ಮನೆಗೆ ಬಂದು, ಊಟ ಮಾಡಿ, ಗಂಡ ಹೆಂಡತಿ ಕೂತು ಓದಿ, ಮಾರನೇ ದಿನ ಹೋಗಬಹುದು. ನಾಳೆ ಈ ಬೆಲೆ ಇರುವುದಿಲ್ಲ ಎನ್ನುತ್ತಾರೆ. ಬಹಳ ಸಲ ಇರುತ್ತದೆ. ಹಾಗೆಂದು ಎದುರು ಕೂತವನನ್ನು ಶತ್ರುವಿನಂತೆ ನೋಡಬೇಕಾಗಿಲ್ಲ. ಅವನೂ ಕಮಿಷನ್ ನಂಬಿ ಮನೆ ನಡೆಸುವವನು. ಸ್ಪಷ್ಟವಾಗಿ, ಮರ್ಯಾದೆಯಿಂದ ಬೆಲೆ ಕೇಳುವ ಗಿರಾಕಿಯನ್ನು ಅವನೂ ಗೌರವಿಸುತ್ತಾನೆ.

ಕ್ಯಾಲಿಫೋರ್ನಿಯಾದಲ್ಲಿ ಒಂದು ಒಳ್ಳೆಯ ಕಾನೂನಿದೆ. ಸ್ಪ್ಯಾನಿಷ್, ಚೀನಿ, ಟಗಾಲೋಗ್, ವಿಯೆಟ್ನಾಮಿ, ಕೊರಿಯನ್ ಈ ಐದು ಭಾಷೆಗಳಲ್ಲಿ ಮುಖ್ಯವಾಗಿ ಮಾತುಕತೆ ನಡೆದರೆ, ಕಾರು ಲೀಸಿನ ಕರಾರಿನ ಅನುವಾದವನ್ನು ಸಹಿಗೆ ಮುಂಚೆಯೇ ಗಿರಾಕಿಯ ಕೈಗೆ ಕೊಡಬೇಕು. ಕನ್ನಡ ಆ ಪಟ್ಟಿಯಲ್ಲಿಲ್ಲ. ನಮ್ಮವರು ಇಂಗ್ಲಿಷ್ ಬಲ್ಲವರು, ಬೇಕಾಗಿಲ್ಲ ಎನ್ನಬಹುದು. ಆದರೆ ಕೋಡು ಬರೆಯುವ ಇಂಗ್ಲಿಷ್ ಬೇರೆ, ಕರಾರಿನ ಇಂಗ್ಲಿಷ್ ಬೇರೆ. ಹೊಸದಾಗಿ ಬಂದ ಸೊಸೆಗೆ, ಜಾಮೀನುದಾರನಾಗಿ ಸಹಿ ಹಾಕುವ ತಮ್ಮನಿಗೆ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ಯಾರು?

ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟಕ್ಕೆ ಐವತ್ತು ವರ್ಷ ದಾಟಿದೆ. ಅದರಂಥ ಕೂಟಗಳು ಊರೂರಲ್ಲಿವೆ, ಅವುಗಳ ಯುಗಾದಿ, ರಾಜ್ಯೋತ್ಸವಗಳಿಗೆ ನೂರಾರು ಜನ ಸೇರುತ್ತಾರೆ. ವರ್ಷದಲ್ಲಿ ಒಂದು ಸಂಜೆಯನ್ನು ಈ ಕೆಲಸಕ್ಕೆ ಇಡಬೇಕೆಂದು ನನ್ನ ಕೋರಿಕೆ. ಲೀಸು ಮುಗಿಸಿದವರು ತಮ್ಮ ಹಳೆಯ ಕರಾರಿನ ಹೆಸರು ವಿಳಾಸ ಅಳಿಸಿ ತರಲಿ. ಒಪ್ಪಿದ ಬೆಲೆ ಎಷ್ಟಿತ್ತು, ಮನಿ ಫ್ಯಾಕ್ಟರ್ ಎಷ್ಟಿತ್ತು, ಹಿಂದಿರುಗಿಸುವಾಗ ಗೀರಿಗೆ, ಟೈರಿಗೆ ಏನೇನು ಹಾಕಿದರು ಎಂದು ಮುಚ್ಚುಮರೆಯಿಲ್ಲದೆ ಹೇಳಲಿ. ಮುಂದಿನ ತಿಂಗಳು ಶೋರೂಮಿಗೆ ಹೋಗಬೇಕಿರುವವರು ಕ್ಯಾಲ್ಕುಲೇಟರ್ ಹಿಡಿದು ಮುಂದಿನ ಸಾಲಿನಲ್ಲಿ ಕೂರಲಿ, ಊರಿನಿಂದ ಬಂದ ಅಮ್ಮನೂ ಜೊತೆಗಿರಲಿ. ಬೆಲೆ ಕೇಳುವುದು ಹೇಗೆಂದು ಅವರಿಗೆ ಚೆನ್ನಾಗಿ ಗೊತ್ತು.